ಮುಂದಿನ ವರ್ಷದ ಗಾಡಿ

ನನಗೆ ಡ್ರೈವಿಂಗ್ ಲೈಸೆನ್ಸ್ ಬಂದದ್ದು ಏಪ್ರಿಲ್‌ನಲ್ಲಿ. ಐವತ್ತೆರಡನೆಯ ವಯಸ್ಸಿನಲ್ಲಿ, ಮಯೂರ್ ವಿಹಾರದ ರಸ್ತೆಗಳಲ್ಲಿ ಡ್ರೈವಿಂಗ್ ಸ್ಕೂಲಿನ ಜಜ್ಜಿಹೋದ ಕಾರು ಓಡಿಸಿ, ಇ-ರಿಕ್ಷಾದವರ ಕೈಲಿ ಬೈಸಿಕೊಂಡು ಕಲಿತದ್ದು. ಕಲಿತದ್ದು ಮರೆತುಹೋಗುವ ಮೊದಲು ಒಂದು ಚಿಕ್ಕ ಕಾರು ತೆಗೆದುಕೊಳ್ಳೋಣ ಎಂದು ಅವತ್ತೇ ಹೇಳಿದೆ. ನಮ್ಮ ಯಜಮಾನರು ವೆಂಕಟಸುಬ್ಬಯ್ಯನವರು ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ಯಾವುದಕ್ಕೂ ಬೇಡ ಎನ್ನುವವರಲ್ಲ. "ನೋಡೋಣ" ಎನ್ನುತ್ತಾರೆ. ಆ ನೋಡೋಣದಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಜೂನ್‌ನಲ್ಲಿ, ಹಬ್ಬಕ್ಕೆ ಹೊಸ ಮಾಡೆಲ್ ಬರುತ್ತಂತೆ, ತಡಿ ಎಂದರು. ದೀಪಾವಳಿಗೆ ಅದು ಬಂತು. ಜಾಹೀರಾತಿನಲ್ಲಿ ದೊಡ್ಡದಾಗಿ ಮುಂದಿನ ವರ್ಷದ ಹೆಸರೇ ಇತ್ತು. "ಹೆಸರು ಮುಂದಿನ ವರ್ಷದ್ದು, ತಯಾರಾಗಿರೋದು ಈ ವರ್ಷ" ಎಂದು ತಲೆಯಾಡಿಸಿದರು. ಡಿಸೆಂಬರ್‌ನಲ್ಲಿ ಶೋರೂಮಿನವರು ರಿಯಾಯಿತಿ ಕೊಡುತ್ತೇವೆಂದು ಫೋನ್ ಮೇಲೆ ಫೋನ್ ಮಾಡಿದರು.

"ಡಿಸೆಂಬರ್‌ನಲ್ಲಿ ಯಾರಾದ್ರೂ ಗಾಡಿ ತಗೋತಾರೇನೇ ಸರಳಾ? ಜನವರಿ ಒಂದನೇ ತಾರೀಖು ಬೆಳಗಾಗೋದ್ರೊಳಗೆ ಅದು ಒಂದು ವರ್ಷ ಹಳೇದು. ಮಾರೋಕೆ ಹೋದಾಗ ಗೊತ್ತಾಗುತ್ತೆ."

"ನಾನು ಓಡಿಸೋಕೆ ಕೇಳ್ತಿರೋದು, ಮಾರೋಕಲ್ಲ."

"ಅಚ್ಛಾ, ನೋಡೋಣ."

ಈ ವರ್ಷಗಳ ಲೆಕ್ಕ ನನಗೆ ಅರ್ಥವಾಗಲೇ ಇಲ್ಲ. ನಮ್ಮ ಮನೆಯಲ್ಲೇ ವರ್ಷ ಮೂರು ಸಲ ಶುರುವಾಗುತ್ತದೆ: ಕ್ಯಾಲೆಂಡರಿಗೆ ಜನವರಿ, ನನಗೆ ಯುಗಾದಿ, ಇವರ ಆಫೀಸಿಗೆ ಏಪ್ರಿಲ್. ಹಾಗಂತ ಯಾವತ್ತಾದರೂ ಒಲೆ ಹಚ್ಚದೆ ಕೂತಿದ್ದೇನೆಯೇ?

ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಎಡಗಾಲು ತಾನಾಗಿ ಕ್ಲಚ್ ಒತ್ತುತ್ತಿತ್ತು. ಮಗಳು ಧನ್ಯಾಳ ಮನೆಗೆಂದು ಗುರುಗ್ರಾಮಕ್ಕೆ ಕ್ಯಾಬಿನಲ್ಲಿ ಹೋದರೆ ದಾರಿಯುದ್ದಕ್ಕೂ ಡ್ರೈವರನ ಕಾಲನ್ನೇ ನೋಡುತ್ತಿದ್ದೆ. ಮೊದಮೊದಲು, ಇಷ್ಟೇ ತಾನೇ, ನಾನೂ ಮಾಡಬಲ್ಲೆ ಅನ್ನಿಸುತ್ತಿತ್ತು. ಚಳಿಗಾಲ ಬರುವಷ್ಟರಲ್ಲಿ, ಪಕ್ಕದಲ್ಲಿ ಬಸ್ಸು ನುಗ್ಗಿದರೆ ಕಣ್ಣು ಮುಚ್ಚಿಕೊಳ್ಳತೊಡಗಿದೆ. ಧೈರ್ಯ ದಿನದಿನಕ್ಕೂ ಸೋರಿಹೋಗುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

"ಅಮ್ಮ, ಪಪ್ಪಾಗೆ ಬೋಲ್ ದೋ ನಾ, ಜಸ್ಟ್ ಬುಕ್ ಮಾಡಿ ಅಂತ" ಎಂದಳು ಧನ್ಯಾ ಫೋನಿನಲ್ಲಿ. ಅವಳಿಗೇನು, ಹೇಳಿಬಿಟ್ಟಳು.

ಜನವರಿಯ ಮೊದಲ ಶನಿವಾರ ಇವರನ್ನು ಪಟಪರ್‌ಗಂಜಿನ ಶೋರೂಮಿಗೆ ಎಳೆದುಕೊಂಡು ಹೋದೆ. ನೀಲಿ ಬಣ್ಣದ ಪುಟ್ಟ ಗಾಡಿ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಇವರು ಕನ್ನಡಕ ಏರಿಸಿಕೊಂಡು, ಬಾಗಿಲು ತೆಗೆಸಿ, ಬಗ್ಗಿ ಅಲ್ಲಿದ್ದ ತಗಡಿನ ಪಟ್ಟಿ ಓದಿದರು.

"ಭಯ್ಯಾ, ಇದು ನವೆಂಬರ್‌ನಲ್ಲಿ ತಯಾರಾದದ್ದು."

ಮಾರಾಟದ ಹುಡುಗಿ ಪದ್ಮಾ ನಮ್ಮ ಕಡೆಯವಳೇ, ಹುಬ್ಬಳ್ಳಿಯವಳು. ಇವರು ಭಯ್ಯಾ ಎಂದದ್ದು ಬಾಗಿಲು ತೆಗೆದವನಿಗೆ, ಉತ್ತರ ಕೊಟ್ಟವಳು ಇವಳು. "ಹೌದು ಸರ್. ಮಾಡೆಲ್ಲಿನ ವರ್ಷ ಅನ್ನೋದು ಕಂಪನಿಯವರು ಇಡೋ ಹೆಸರು. ಹೊಸ ರೂಪದ ಗಾಡಿನ ಹಬ್ಬಕ್ಕೇ ಮಾರಬೇಕು, ಆದರೆ ಜನವರಿಯಲ್ಲೂ ಅದು ಹೊಸದು ಅನ್ನಿಸಬೇಕು. ಅದಕ್ಕೇ ಮುಂದಿನ ವರ್ಷದ ಹೆಸರು ಇಡ್ತಾರೆ. ಮಾಡೆಲ್ ಈ ವರ್ಷದ್ದು, ತಯಾರಾಗಿರೋದು ಹೋದ ವರ್ಷ, ರಿಜಿಸ್ಟ್ರೇಷನ್ ಮತ್ತೆ ಈ ವರ್ಷ. ನಿಜವಾಗಿ ಜನವರಿಯಲ್ಲೇ ತಯಾರಾದದ್ದು ಬೇಕು ಅಂದ್ರೆ ಮಾರ್ಚ್ ಹತ್ತಿರ ಬರಬಹುದು."

ಇವರ ಮುಖ ಅರಳಿತು. "ಹಾಗಾದ್ರೆ ಮಾರ್ಚ್‌ನಲ್ಲೇ ಬರೋಣ. ಚಲೋ, ಸರಳಾ."

ನನಗೆ ಮೈಯೆಲ್ಲ ಉರಿಯಿತು. ಆ ಹುಡುಗಿ ಎದುರಿಗಿದ್ದಾಳೆಂದೂ ನೋಡಲಿಲ್ಲ. "ಮಾರ್ಚ್ ಬಂದರೆ ಆಫೀಸಿನಲ್ಲಿ ವರ್ಷದ ಕೊನೆ ಅಂತೀರಿ, ಆಮೇಲೆ ಬಿಸಿಲು, ಆಮೇಲೆ ಮತ್ತೆ ಹಬ್ಬ. ನಿಮಗೆ ಬೇಕಾಗಿರೋದು ಹೊಸ ವರ್ಷದ ಗಾಡಿ ಅಲ್ಲ. ಗಾಡಿನೇ ಬಾರದ ವರ್ಷ."

ಇವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ನನಗೆ ಭಯ ಕಣೇ" ಎಂದರು ಮೆಲ್ಲಗೆ. "ಈ ಊರಿನ ರೋಡಲ್ಲಿ ನೀನೊಬ್ಬಳೇ ಹೋಗ್ತೀಯ. ನಾನು ಆಫೀಸಲ್ಲಿ ಕೂತಿರ್ತೀನಿ. ಯಾರೋ ಫೋನ್ ಮಾಡಿ, ಹೀಗಾಯ್ತು ಅಂದ್ರೆ?"

ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನ ಬಾಯಲ್ಲಿ ಭಯ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನಗೂ ಭಯ ಆಗ್ತಿದೆ. ಏಪ್ರಿಲ್‌ನಲ್ಲಿ ಇರಲಿಲ್ಲ, ಈಗ ಇದೆ. ಮಾರ್ಚ್‌ವರೆಗೆ ಕಾದರೆ ನಾನೇ ಬೇಡ ಅಂತೀನಿ. ಅದಕ್ಕೇ ಕಾಯ್ತಿದ್ದೀರಾ?"

ಇವರು ಕನ್ನಡಕ ಹಾಕಿಕೊಂಡು ಪದ್ಮಾಳ ಕಡೆ ತಿರುಗಿ, "ಇದನ್ನೇ ಬರ್ಕೊಳ್ಳಮ್ಮ" ಎಂದರು.

ಗಾಡಿ ಕೈಗೆ ಬಂದ ದಿನ ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಆಯಿತು. ಹೊರಡುವ ಹೊತ್ತಿಗೆ ಇವರು ಒಂದು ಆಟೋ ನಿಲ್ಲಿಸಿದರು. "ನೀನು ಮುಂದೆ ಹೋಗು. ನಾನು ಹಿಂದೆ ಬರ್ತೀನಿ. ಏನಾದ್ರೂ ಆದ್ರೆ ಒಬ್ಬರಾದರೂ ಹೊರಗಿರಬೇಕು." ನನಗೆ ಅಳು ಬರುವಂತಾಯಿತು. ಗಾಡಿಯಲ್ಲಿ ಕೂತು ಹೊರಟೆ.

ಮದರ್ ಡೈರಿ ಸಿಗ್ನಲ್‌ವರೆಗೆ ಹೇಗೋ ಬಂದೆ. ಹಸಿರು ಬಿತ್ತು, ಕ್ಲಚ್ ಬಿಟ್ಟೆ, ಗಾಡಿ ಗಕ್ಕನೆ ಎಗರಿ ನಿಂತುಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಯಾರೋ ಪಕ್ಕದಿಂದ ಹಾಯುತ್ತ ಕಿಟಕಿಯೊಳಗೆ ಬಗ್ಗಿ ಬೈದು ಹೋದ. ಕೈಗೆ ಯಾವುದೂ ನೆನಪಾಗಲಿಲ್ಲ. ಒಂಬತ್ತು ತಿಂಗಳು ಕಾದದ್ದು ನನ್ನ ಕೈಯಿಂದಲೇ ಎಲ್ಲವನ್ನೂ ಕಿತ್ತುಕೊಂಡಿತ್ತು. ಇಳಿದು, ಬೀಗದ ಕೈ ಅಲ್ಲೇ ಬಿಟ್ಟು, ಮನೆಗೆ ನಡೆದುಬಿಡೋಣ ಅನ್ನಿಸಿತು. ಬಾಗಿಲಿನ ಹಿಡಿಗೆ ಕೈ ಹಾಕಿದೆ.

ಅಷ್ಟರಲ್ಲಿ ಆಚೆ ಬಾಗಿಲು ತೆರೆಯಿತು. ಇವರು. ಆ ಹಾರ್ನುಗಳ ನಡುವೆ ಆಟೋದಿಂದಿಳಿದು ಓಡಿ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ನನ್ನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಸೀಟ್ ಬೆಲ್ಟ್ ಸಿಕ್ಕಿಸಲು ಹೋದರು, ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಸಿಕ್ಕಿತು.

"ಎಲ್ಲರೂ ಹಾರ್ನ್ ಹೊಡೀತಿದ್ದಾರೆ" ಎಂದೆ.

"ಕಾಯಲಿ" ಎಂದರು. "ನೀನು ನಿಧಾನವಾಗಿ ತೆಗಿ."

ಬೀಗದ ಕೈ ತಿರುಗಿಸಿ ಪಕ್ಕಕ್ಕೆ ನೋಡಿದೆ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದರು. ನಾನು ಮೆಲ್ಲಗೆ ಕ್ಲಚ್ ಬಿಟ್ಟೆ.