ಅವ್ವನ ಎಡಗಣ್ಣು

ದೊಡ್ಡಾಕಿ ಆದ ಮ್ಯಾಲ ಛಲೋ ಕಾಗದದಾಗ ನಿನ್ನ ಚಿತ್ರ ತಗೀತೇನಿ ಯವ್ವಾ, ಇದ್ದಂಗ ತಗೀತೇನಿ, ನಿನ್ನಾಣಿ — ಹತ್ತು ವರ್ಷದವಳಿದ್ದಾಗ ಮಹಾದೇವಿ ತಾಯಿಗೆ ಕೊಟ್ಟ ಮಾತು ಅದು, ಇಳಕಲ್ಲಿನ ಮನೆಯಲ್ಲಿ, ಮಗ್ಗದ ಪಕ್ಕದ ಗೋಡೆಗೆ ಇದ್ದಲಿ ತಿಕ್ಕುತ್ತ ನಿಂತು ಕೊಟ್ಟದ್ದು, ಈಗ ಬಸ್ಸು ಬಾಗಲಕೋಟೆಯ ನಿಲ್ದಾಣದಿಂದ ಹೊರಳಿ ರಸ್ತೆಯ ಉಬ್ಬು ಹತ್ತಿ ಇಳಿದಾಗ ತೊಡೆಯ ಮೇಲಿನ ಹಲಗೆಯ ಮೂಲೆ ಹೊಟ್ಟೆಗೆ ಚುಚ್ಚಿತು, ಚುಚ್ಚಿದ್ದು ಹಲಗೆಯೋ ಮಾತೋ, ಟವೆಲು ಸುತ್ತಿ ದಾರ ಕಟ್ಟಿದ ಹಲಗೆ, ಒಳಗೆ ಅವ್ವ ಯಮನವ್ವ, ತೀರಿಕೊಂಡು ಇವತ್ತಿಗೆ ವರ್ಷ, ಕೊನೆಗೂ ಬರೆದು ಮುಗಿಸಿದೆ, ಪೂಜೆಗೆ ನನ್ನ ಚಿತ್ರವೇ ಇಡಬೇಕು ಎಂದು ನಿನ್ನೆಯ ತನಕ ಎದೆ ಉಬ್ಬಿಸಿಕೊಂಡಿದ್ದಳು, ಬೆಳಿಗ್ಗೆ ತಮ್ಮ ವೀರೇಶ ಫೋನಿಗೆ ಫೋಟೋ ಕಳಿಸುವ ತನಕ. ಅಕ್ಕಾ, ಅವ್ವ ಹೆಂಗ ಬಂದಾಳ ನೋಡು, ಸ್ಟುಡಿಯೋದಾಂವ ಭಾರೀ ಮಾಡ್ಯಾನ, ಪೂಜಿಗೆ ಇದನ್ನ ಇಡೂದು. ಭಾರೀ ಮಾಡ್ಯಾನಂತ! ಅವ್ವನನ್ನು ತೆಗೆದುಹಾಕಿ ಅವ್ವನ ಹೆಸರಿನಲ್ಲಿ ಯಾರನ್ನೋ ಕೂಡಿಸಿದ್ದಾನೆ, ಮುಖಕ್ಕೆ ಮೈದಾ ಹಿಟ್ಟಿನ ಬಣ್ಣ, ತುಟಿಗೆ ಕೆಂಪು, ಕೊರಳಲ್ಲಿ ಅವ್ವ ಕನಸಿನಲ್ಲೂ ಕಾಣದ ಎರಡೆಳೆ ಸರ, ಮೈಮೇಲೆ ಯಾವ ಊರಿನದೋ ಮಿರಿಮಿರಿ ರೇಷ್ಮೆ ಸೀರೆ — ನಲವತ್ತು ವರ್ಷ ಇಳಕಲ್ ಸೀರೆ ನೇಯ್ದವಳಿಗೆ, ಸೆರಗಿನ ಹಾಸು ಒಡಲಿನ ಹಾಸು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಓಣಿಗೇ ಹೆಸರಾದವಳಿಗೆ, ಸತ್ತ ಮೇಲೆ ಕಂಪ್ಯೂಟರಿನ ಸೀರೆ ಉಡಿಸುತ್ತೀರಾ, ಅದೂ ನೇಕಾರರ ಮನೆಯವರು, ತಲೆಯ ಮೇಲೆ ಸೆರಗೂ ಇಲ್ಲದೆ, ಹೋಗಲಿ, ಸೀರೆ ಹಾಳಾಗಿ ಹೋಗಲಿ, ಸರ ಹಾಳಾಗಿ ಹೋಗಲಿ, ಆ ಕಣ್ಣು, ಆ ಎಡಗಣ್ಣು.

ಎರಡು ಬೆರಳಲ್ಲಿ ಫೋನಿನ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಾಳೆ, ಈಗ ಬಸ್ಸಿನಲ್ಲೂ ಮತ್ತೆ ಹಿಗ್ಗಿಸಿ ನೋಡುತ್ತಾಳೆ, ಬಲಗಣ್ಣನ್ನೇ ಕತ್ತರಿಸಿ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಎಡಗಡೆ ಅಂಟಿಸಿದ್ದಾನೆ, ರೆಪ್ಪೆಯ ಕೆಳಗಿನ ಒಂದೇ ಮಚ್ಚೆ ಈಗ ಎರಡು, ಬೆಳಕಿನ ಚುಕ್ಕಿ ಎರಡೂ ಕಣ್ಣಲ್ಲಿ ಮೂಗಿನ ಕಡೆಗೇ, ಯಾವ ಊರಿನಲ್ಲಪ್ಪ ಸೂರ್ಯ ಎರಡೂ ಕಡೆಯಿಂದ ಹುಟ್ಟುತ್ತಾನೆ, ಬಿಸಿಯೂಟದ ಅಡಿಗೆ ಮಾಡುವ ನನಗೆ ತಿಳಿಯುವುದು ನಿನಗೆ ತಿಳಿಯುವುದಿಲ್ಲವಾ. ಅವ್ವನ ಎಡಗಣ್ಣು ಬಿಳಿ. ಮದುವೆಯಾಗಿ ಬಂದ ಎರಡನೆಯ ವರ್ಷ ಎದುರಿನ ಮಗ್ಗದಿಂದ ಲಾಳಿ ಚಿಮ್ಮಿ ಬಡಿದು, ಗುಡ್ಡೆಯ ಮೇಲೆ ಪೊರೆ ಕೂತು, ಬಿಳಿಯಾಗಿಯೇ ಉಳಿಯಿತು, ಮಕ್ಕಳಿಬ್ಬರಿಗೂ ಅವ್ವ ಅಂದರೆ ಒಂದು ಕರಿ ಕಣ್ಣು ಒಂದು ಬಿಳಿ ಕಣ್ಣು, ಬೈಯುವಾಗ ಕರಿ ಕಣ್ಣು ಬೈಯುತ್ತಿತ್ತು, ಬಿಳಿ ಕಣ್ಣು ಸುಮ್ಮನಿರುತ್ತಿತ್ತು, ಆಧಾರ್ ಕಾರ್ಡಿನ ಕ್ಯಾಮೆರಾ ಕೂಡ ಇದ್ದದ್ದನ್ನು ಇದ್ದ ಹಾಗೆ ತೆಗೆದಿತ್ತು, ಸರಕಾರಕ್ಕೆ ಇದ್ದ ಧೈರ್ಯ ಹೆತ್ತ ಮಗನಿಗಿಲ್ಲ. ಗೋಡೆಯ ಮೇಲಿನ ಆ ಇದ್ದಲಿಯ ಚಿತ್ರದಲ್ಲಿ ಹತ್ತು ವರ್ಷದ ಮಹಾದೇವಿ ಒಂದು ಕಣ್ಣಿಗೆ ಕಪ್ಪು ತುಂಬಿ ಇನ್ನೊಂದನ್ನು ಸುಣ್ಣದ ಬಿಳಿಗೇ ಬಿಟ್ಟಿದ್ದಳು, ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು, ಏ ಯಮನವ್ವಾ, ನಿನ್ನ ಮಗಳು ನಿನ್ನ ಮಾನಾ ಗ್ವಾಡಿಗೆ ಹಚ್ಯಾಳ ನೋಡ, ಅವ್ವ ಮಗ್ಗದ ಕುಣಿಯಿಂದ ಕಾಲು ಮೇಲೆತ್ತಲಿಲ್ಲ, ಹಂಗ ಐತೆಲ್ಲಾ, ಇದ್ದದ್ದು ಇದ್ದಂಗ ತಗದಾಳ, ಗ್ವಾಡೀದು ಸುಣ್ಣ ಹೊಡದ್ರ ಹೊಕ್ಕೈತಿ ಮಗಳ, ಕಾಗದದಾಗ ತಗಿ ಅಂದಳು, ಅದಕ್ಕೇ ಮಹಾದೇವಿ ಆಣೆ ಮಾಡಿದ್ದು.

ಕಾಗದ ಸುಲಭ ಅಂದುಕೊಂಡಿದ್ದಳು. ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ ಬರೆಯಲು ಕೂತರೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದ್ದಲಿ ನಿಲ್ಲಲಿಲ್ಲ, ನುಣುಪಿನ ಮೇಲೆ ಜಾರಿ ಜಾರಿ ಉದುರಿತು, ಆಗ ನೇಕಾರರ ಮಗಳಿಗೆ ಮಾತ್ರ ಹೊಳೆಯಬಹುದಾದ ಉಪಾಯ ಹೊಳೆಯಿತು, ಹಾಸಿನ ಎಳೆಗೆ ಗಂಜಿ ಹಾಕಿ ಬಿಗಿ ಮಾಡುವುದಿಲ್ಲವೇ, ಚಿತ್ರಕ್ಕೂ ಹಾಗೇ ಮಾಡಿದರಾಯಿತು, ಹಳೆಯ ಬಿಳಿ ಬಟ್ಟೆಯನ್ನು ಹಲಗೆಗೆ ಬಿಗಿದು ಮೈದಾ ಗಂಜಿ ಬಳಿದು ಒಣಗಿಸಿ ಬರೆದಳು, ಇದ್ದಲಿ ಕಚ್ಚಿಕೊಂಡಿತು, ಕುಣಿದಾಡುವಷ್ಟು ಸಂತೋಷ, ಟ್ರಂಕಿನ ಹಿಂದೆ ಇಟ್ಟಳು, ವಾರಕ್ಕೆ ತೆಗೆದು ನೋಡಿದರೆ ಜಿರಲೆಗಳು ಅವ್ವನ ಮುಖವನ್ನು ಮೂಗಿನ ತನಕ ತಿಂದಿದ್ದವು, ಬಾಣಂತನಕ್ಕೆಂದು ಬಂದಿದ್ದ ಅವ್ವ ಬಿದ್ದು ಬಿದ್ದು ನಕ್ಕಳು, ಗಂಜ್ಯಾಗ ಮೈಲುತುತ್ತ ಹಾಕಬೇಕಂತ ಗೊತ್ತಿಲ್ಲೇನ ನಿನಗ, ಯಾವ ಸೀಮಿ ನೇಕಾರ್ತಿ ನೀ, ಇರ್ಲಿ ಬಿಡು, ಜಿರಲಿಗಿ ನಾ ರುಚಿ ಅದೇನಿ ಅಂತ ಆತು. ಆಮೇಲೆ ತಾನು ಅಡಿಗೆ ಮಾಡುವ ಸಾಲೆಯ ಬಣ್ಣ, ಚಿತ್ರಕಲೆಯ ಮಾಸ್ತರು ತಳ ಕಂಡಿತೆಂದು ಎಸೆದ ಪೋಸ್ಟರ್ ಬಣ್ಣದ ಬಾಟಲಿಗಳನ್ನು ಆರಿಸಿಕೊಂಡು, ನೀರು ಹಾಕಿ ಕುಲುಕಿ, ಅಡಿಗೆಮನೆಯ ಹಿಂದೆ ರಟ್ಟಿನ ಮೇಲೆ ಹಚ್ಚುತ್ತಿದ್ದಾಗ ಆ ಮಾಸ್ತರು ಬಂದು ನಿಂತು, ಏನ್ ಮಾದೇವಕ್ಕಾ, ಸಾರಿಗೆ ಒಗ್ಗರಣಿ ಹಾಕೂದು ಬಿಟ್ಟು ಕಲಾವಿದೀ ಆಗಾಕ ಹೊಂಟೀಯೇನ, ಎಂದು ಮಕ್ಕಳೆದುರು ಅಂದದ್ದು, ಮಕ್ಕಳು ಹೋ ಎಂದದ್ದು, ಹೌದ್ರಿ ಸರ, ನೀವೂ ಒಮ್ಮಿ ಒಗ್ಗರಣಿ ಹಾಕಿ ನೋಡ್ರಿ, ಹೊತ್ತಿಸಲಾರದ ಹಾಕೂದು ಅದೂ ಒಂದು ಕಲಾನ, ಎಂದು ಇವಳು ಅಂದದ್ದು — ಅಂದಿರಲಿಲ್ಲ, ಹತ್ತು ವರ್ಷದಿಂದ ಮನಸ್ಸಿನಲ್ಲೇ ಅನ್ನುತ್ತಿದ್ದಾಳೆ, ಪ್ರತಿ ಸಲವೂ ಇನ್ನಷ್ಟು ಖಾರವಾಗಿ. ಮಕ್ಕಳ ಪ್ರವಾಸದ ಜೊತೆ ಅಡಿಗೆಗೆಂದು ಬಾದಾಮಿಗೆ ಹೋದಾಗ ಎಲ್ಲರೂ ಗುಹೆ ನೋಡಿದರು, ಇವಳು ಉದುರಿದ ಕೆಂಪು ಮರಳುಗಲ್ಲಿನ ಪುಡಿ ನೋಡಿದಳು, ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅರೆದು ಸೋಸಿ ಜಾಲಿಯ ಅಂಟಿನಲ್ಲಿ ಕಲಸಿದಳು, ಮೊದಲ ಸಲ ದಪ್ಪಗೆ ಹಚ್ಚಿ ಕೆರೆಯ ತಳದ ಹಾಗೆ ಬಿರಿಯಿತು, ಎರಡನೆಯ ಸಲ ತೆಳ್ಳಗೆ, ಮೂರು ಸಲ ತೆಳ್ಳಗೆ, ಆಗ ಅವ್ವನ ಗಲ್ಲ ಬಂತು, ಖರೆ ಗಲ್ಲ, ಉರಿ ಒಲೆಯ ಮುಂದೆ ಕೂತಾಗಿನ ಗಲ್ಲದ ಬಣ್ಣ, ಯಾವ ಬಾಟಲಿಯಲ್ಲೂ ಸಿಗದ್ದು. ಮಗಳು ಪ್ರಿಯದರ್ಶಿನಿಯ ನೀರುಬಣ್ಣದ ಡಬ್ಬಿ ಕದ್ದು ಬರೆದಾಗ ತಿಳಿದದ್ದು ಬಿಳಿಯನ್ನು ಹಚ್ಚುವುದಲ್ಲ, ಮೊದಲೇ ಬಿಡಬೇಕು, ಬಿಡುವುದನ್ನು ಮರೆತರೆ ಆಮೇಲೆ ಅತ್ತರೂ ಬರುವುದಿಲ್ಲ, ತೈಲವರ್ಣ ಒಂದೇ ಒಂದು ಸಲ, ಅದು ಒಣಗುವಷ್ಟು ದಿನ ಕಾಯಲು ಇವಳ ಮನೆಯಲ್ಲಿ ಒಂದು ಖಾಲಿ ಮೂಲೆಯಿಲ್ಲ, ಯವ್ವಾ ರೊಟ್ಟಿ ಟರ್ಪೆಂಟೈನ್ ನಾರಾಕ್ಹತ್ತಾವ ಎಂದು ಪ್ರಿಯದರ್ಶಿನಿ ತಟ್ಟೆ ಸರಿಸಿದ್ದು, ತಿನ್ನು, ನಿಮ್ಮಜ್ಜಿಗಾಗಿ ತಿನ್ನು ಎಂದು ಇವಳು ಗದರಿದ್ದು. ಒಂದೊಂದೂ ಒಂದಿಷ್ಟು ಕಲಿಸಿತು, ಯಾವುದೂ ಪೂರ್ತಿ ಕಲಿಸಲಿಲ್ಲ, ಇಳಕಲ್ಲಿಗೆ ಹೋದಾಗಲೆಲ್ಲ ಅವ್ವ ಕೇಳುತ್ತಿದ್ದಳು, ಬಂತೇನ ನನ್ನ ಚಿತ್ರ, ಇವಳು ಅನ್ನುತ್ತಿದ್ದಳು, ಇನ್ನೂ ಕೈ ಕುಂದ್ರವಲ್ದು ಯವ್ವಾ, ಅವ್ವ ಅನ್ನುತ್ತಿದ್ದಳು, ಲಗು ಕುಂದ್ರಿಸು, ನಾ ಏಳೂ ಹೊತ್ತಾತು.

ಕಮತಗಿ, ಕಮತಗಿ ಇಳಿಯೋರು ಬರ್ರಿ ಎಂದು ಕಂಡಕ್ಟರು ಕೂಗಿದ, ಇಳಿದವರಿಗಿಂತ ಹತ್ತಿದವರೇ ಹೆಚ್ಚು, ಉಳ್ಳಾಗಡ್ಡಿಯ ಚೀಲ ಹೊತ್ತ ಒಬ್ಬ ಮುದುಕಿ ಇವಳ ಪಕ್ಕ ಕೂತು, ಸರಿ ಸರಿ ಯವ್ವಾ ಒಂದೀಟು, ಎಂದು ಅರ್ಧ ಸೀಟು ಮೀರಿ ಹರಡಿಕೊಂಡಳು, ಏನೈತಿ ಅದು, ಟೀವಿಯೇನ? ಟೀವಿ ಅಲ್ಲಬೇ, ಚಿತ್ರ, ನಮ್ಮವ್ವಂದು. ಯಾರ್ ತಗದಾರ? ನಾನ. ನೀನಾ, ಎಂದು ಮುದುಕಿ ಇವಳನ್ನು ಮೇಲಿಂದ ಕೆಳಗೆ ನೋಡಿ, ತೋರ್ಸ ನೋಡೂಣು, ಎಂದಳು, ತೋರಿಸಬಾರದಿತ್ತು, ಯಾರಾದರೂ ಒಬ್ಬರು ನೋಡಿ ಭೇಷ್ ಅನ್ನಲಿ ಎಂಬ ಹಾಳು ಆಸೆ, ದಾರ ಬಿಚ್ಚಿ ಟವೆಲು ಸರಿಸಿದಳು, ಮೈಲುತುತ್ತ ಹಾಕಿದ ಗಂಜಿ ಬಳಿದು ಬಿಗಿದ ಬಟ್ಟೆ, ಅದರ ಮೇಲೆ ಇದ್ದಲಿಯ ನೆರಳು, ಬಾದಾಮಿಯ ಕೆಂಪಿನ ಗಲ್ಲ, ಇದ್ದಲಿಯಲ್ಲೇ ಬರೆದ, ತಲೆ ತುಂಬ ಹೊದ್ದ ಇಳಕಲ್ ಸೆರಗು, ಮುದುಕಿ ಬಹಳ ಹೊತ್ತು ನೋಡಿದಳು, ಖರೇನ ಕುಂತಂಗ ಅದಾಳಲ್ಲ ನಿಮ್ಮವ್ವ, ಈಗ ಮಾತಾಡ್ತಾಳನ್ನೂ ಹಂಗ, ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಆಕೆ, ನಿಲ್ಲಿಸಲಿಲ್ಲ, ಬೆರಳು ಚಾಚಿದಳು, ಹೌದು, ಈಚೀ ಕಡಿ ಕಣ್ಣು ಯಾಕ ಸೆರಗಿನಾಗ ಹುಗದೀ?

ಹುಗಿದಿಲ್ಲ. ನೆರಳು ಅದು. ಬೆಳಕು ಬಲದಿಂದ ಬಿದ್ದರೆ ಎಡಕ್ಕೆ ನೆರಳು ಬೀಳುತ್ತದೆ, ಸೆರಗು ಮುಂದೆ ಬಂದಿದೆ, ಅದಕ್ಕೆ ಕಣ್ಣು ಕಾಣುವುದಿಲ್ಲ, ಉಳ್ಳಾಗಡ್ಡಿ ಮಾರುವವಳಿಗೆ ಏನು ತಿಳಿಯುತ್ತದೆ ಬೆಳಕು ನೆರಳು — ಅಯ್ಯೋ, ಇದು ಆ ಮಾಸ್ತರನ ಮಾತು, ನನ್ನ ಬಾಯಲ್ಲಿ ಆ ಮಾಸ್ತರನ ಮಾತು ಹೇಗೆ ಬಂತು, ಟವೆಲು ಮುಚ್ಚಿದಳು, ದಾರ ಕಟ್ಟಿದಳು, ಗಂಟು ಬೀಳಲಿಲ್ಲ, ಬಿಚ್ಚಿ ಮತ್ತೆ ಎಳೆದು ಕಟ್ಟಿದಳು ಸಿಟ್ಟಿನಲ್ಲಿ, ಯಾರ ಮೇಲಿನ ಸಿಟ್ಟು, ಅಮೀನಗಡ ಬಂತು ಹೋಯಿತು, ಹುನಗುಂದ ಬಂತು, ಮುದುಕಿ ಇಳಿಯುವಾಗ ಎರಡು ಉಳ್ಳಾಗಡ್ಡಿ ಇವಳ ಮಡಿಲಿಗೆ ಹಾಕಿ ಹೋದಳು, ಸೆರಗು ಮುಂದೆ ಬಂದಿದೆ ಅಂತೆ, ತಾನಾಗಿ ಬಂತೇ ಸೆರಗು, ಎಳೆದವರು ಯಾರು, ಇಪ್ಪತ್ತು ವರ್ಷದ ಮಹಾದೇವಿ, ಬಾಗಲಕೋಟೆಯ ಬೀಗರು ನೋಡಲು ಬಂದ ದಿನ, ಕೈತುಂಬ ಹಸಿರು ಬಳೆ, ಚಹದ ತಟ್ಟೆ ಎತ್ತಿಕೊಳ್ಳುವ ಮೊದಲು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಮೆಲ್ಲಗೆ, ಯವ್ವಾ, ಸೆರಗು ಒಂದೀಟು ಮುಂದ ಎಳಕೊ, ಈ ಕಡಿ, ಅವ್ವ ಕರಿ ಕಣ್ಣಿನಿಂದ ಒಂದು ಸಲ ನೋಡಿ ಎಳೆದುಕೊಂಡಳು, ಬೀಗರೆದುರು ಮತ್ತೆಂದೂ ಸರಿಸಲಿಲ್ಲ, ಇಪ್ಪತ್ತೆರಡು ವರ್ಷ ಬಾಗಲಕೋಟೆಗೆ ಬಂದಾಗಲೆಲ್ಲ ಆ ಸೆರಗು ಅಷ್ಟೇ ಮುಂದೆ, ಬಾಣಂತನದಲ್ಲೂ, ಹೊಗೆ ತುಂಬಿದ ಅಡಿಗೆಮನೆಯಲ್ಲೂ, ಇದ್ದ ಒಂದೇ ಕಣ್ಣಿಗೂ ಅರ್ಧ ಅಡ್ಡವಾಗಿ. ಕೈ ಕುಂದ್ರವಲ್ದು ಅಂತೆ! ಕೈ ಕೂತು ಎಷ್ಟು ವರ್ಷವಾಗಿತ್ತು, ಕೂರದೆ ಇದ್ದದ್ದು ಮುಖ ಎತ್ತಿ ಆ ಕಣ್ಣು ನೋಡುವ ಎದೆ. ಸ್ಟುಡಿಯೋದವನು ಯಾರು ಏನೆಂದು ತಿಳಿಯದೆ ಕಣ್ಣು ಅಂಟಿಸಿದ, ನೀನು ತಿಳಿದು ತಿಳಿದು ಮುಚ್ಚಿದೆ, ಇಬ್ಬರಲ್ಲಿ ಕಳ್ಳರು ಯಾರೇ ಮಹಾದೇವಿ.

ಇಳಕಲ್ಲಿನ ಮನೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಹುಗ್ಗಿಯ ವಾಸನೆ, ಪಕ್ಕದ ಶೆಡ್ಡಿನಲ್ಲಿ ವೀರೇಶನ ಪವರ್‌ಲೂಮುಗಳು ಇವತ್ತಿನ ಮಟ್ಟಿಗೆ ಬಾಯಿ ಮುಚ್ಚಿವೆ, ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಆ ದೊಡ್ಡ ಫ್ರೇಮು, ಆಳೆತ್ತರದ ಹಾರ, ಎರಡು ಮಚ್ಚೆ, ಎರಡು ಚುಕ್ಕಿ, ಬಂದ ಮಂದಿ ಕೈ ಮುಗಿಯುತ್ತಿದ್ದಾರೆ, ಯಾರಿಗೆ ಮುಗಿಯುತ್ತೀರಿ, ಯಾರಾಕಿ ಈಕಿ, ಎಂದು ಮಹಾದೇವಿ ಬಾಗಿಲಲ್ಲೇ ಅಂದೇಬಿಟ್ಟಳು, ವೀರೇಶ ತೋಳು ಹಿಡಿದು ಒಳಗೆ ಎಳೆದ, ಅಕ್ಕಾ, ಮಂದಿ ಮುಂದ ಶುರು ಮಾಡಬ್ಯಾಡ. ಕಣ್ಣು ಯಾಕ ಬದಲ ಮಾಡಿಸಿದಿ? ಯಾಕಂದ್ರ, ಸಾಲ್ಯಾಗ ನನಗ ಒಕ್ಕಣ್ಣಿ ಮಗಾ ಒಕ್ಕಣ್ಣಿ ಮಗಾ ಅಂತಿದ್ರಲ್ಲ, ನಿನಗ ಅಂದಾರೇನ ಯಾರರ? ನನ್ನ ಕನ್ಯಾ ನೋಡಾಕ ಹೋದಾಗ ಅವ್ವ ನಾ ಬರಂಗಿಲ್ಲ ಅಂತ ಮನ್ಯಾಗ ಕುಂತ್ಳು, ಯಾಕ ಕುಂತ್ಳು, ಯಾರ್ ಕಲಿಸಿದ್ರು ಅಕಿಗೆ ಹಂಗ ಕುಂದ್ರಾಕ? ಈಗರ ಅಕಿ ಎರಡೂ ಕಣ್ಣಿಂದ ನೋಡ್ಲಿ, ನಿಂದೇನ ಗಂಟ ಹೊಕ್ಕೈತಿ? ಅಷ್ಟಕ್ಕೆ ನಿಲ್ಲಿಸಿದ, ಅವನ ಕಣ್ಣು ತುಂಬಿತ್ತು, ಅದೂ ಸಿಟ್ಟು ತರಿಸಿತು ಇವಳಿಗೆ, ಅಳುವವನ ಮೇಲೆ ಹೇಗೆ ಕಿರುಚುವುದು, ಯಾರ್ ಕಲಿಸಿದ್ರು ಎಂಬ ಪ್ರಶ್ನೆಗೆ ಉತ್ತರ ಇವಳ ನಾಲಗೆಯ ತುದಿಯಲ್ಲಿತ್ತು, ಹೇಳಿದಳು, ನಾ ಕಲಿಸಿದ್ನಿ, ಎಂದಳು, ಅವನಿಗೆ ಕೇಳಿಸಿತೋ ಇಲ್ಲವೋ, ಅಯ್ಯನವರು ಬಂದ್ರು ಎಂದು ಯಾರೋ ಕರೆದರು, ಅವನು ಮುಖ ಒರೆಸಿಕೊಂಡು ಹೋದ, ಹೋಗುವಾಗ, ನಿಂದೂ ಇಡು ಬೇಕಾದ್ರ, ಬಾಜೂಕ, ಎಂದ.

ಬಾಜೂಕ. ಸರಿ, ಪಕ್ಕದಲ್ಲೇ, ಬಾಜೂಕ. ಒಳಕೋಣೆಯ ನೆಲದಲ್ಲಿ ಕೂತು ಟವೆಲು ಬಿಚ್ಚಿದಳು, ಬಣ್ಣದ ಡಬ್ಬಿ ತಂದಿಲ್ಲ, ಕುಂಚ ತಂದಿಲ್ಲ, ಮುಗಿದ ಚಿತ್ರಕ್ಕೆ ಯಾರು ತರುತ್ತಾರೆ, ಇದ್ದಲಿಯ ಗುಣ ಒಂದೇ, ಒರೆಸಿದರೆ ಹೋಗುತ್ತದೆ, ಸೀರೆಯ ಸೆರಗಿನ ತುದಿ ಒದ್ದೆ ಮಾಡಿ ಚಿತ್ರದ ಸೆರಗನ್ನು ಒರೆಸಿದಳು, ಅವ್ವ ಇಪ್ಪತ್ತೆರಡು ವರ್ಷ ಮುಂದಕ್ಕೆಳೆದುಕೊಂಡಿದ್ದನ್ನು ಹಿಂದಕ್ಕೆ, ಹಿಂದಕ್ಕೆ, ಹುಬ್ಬಿನ ತನಕ, ಕಿವಿಯ ತನಕ, ಬೂದು ಬಣ್ಣದ ಒಂದು ಕುಳಿ ಉಳಿಯಿತು, ಪೂಜೆಯ ತಟ್ಟೆಯಲ್ಲಿ ವಿಭೂತಿ ಗಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು, ಮಾದೇವೀ ಏನ್ ಮಾಡ್ತೀ ವಿಭೂತಿ ತಗೊಂಡು, ಚಿತ್ರಕ್ಕ ಹಚ್ತಾರೇನ ಅದನ್ನ, ಎಂದು ನೆರೆಮನೆಯ ಲಗಮವ್ವ ಬಾಗಿಲಲ್ಲಿ ನಿಂತು ಗದರಿದಳು, ಹಣಿಗೆ ಹಚ್ಚೂದನ್ನ ಕಣ್ಣಿಗೆ ಹಚ್ತೇನ್ರಿ ಅತ್ತಿ, ಅಷ್ಟ, ಎಂದಳು, ಗಟ್ಟಿಗೆ ಒದ್ದೆ ಬೆರಳು ತಿಕ್ಕಿ ಕುಳಿಯ ನಡುವೆ ಒತ್ತಿದಳು, ಏನೂ ಕಾಣಲಿಲ್ಲ ಮೊದಲು, ನೀರಿನ ಬಣ್ಣ, ಹೊರಗೆ ಗಂಟೆ ಬಾರಿಸಿದರು, ಹಾರವೆಲ್ಲ ಆ ಫ್ರೇಮಿಗೆ, ಹೂವೆಲ್ಲ ಆ ಫ್ರೇಮಿಗೆ, ಇವಳು ಏಳಲಿಲ್ಲ, ನೀರು ಆರುತ್ತ ಬಂತು, ಅಂಚಿನಿಂದ ಮೊದಲು, ಆಮೇಲೆ ನಡುವೆ, ಬಿಳಿ, ಸುಣ್ಣದ ಬಿಳಿಯಲ್ಲ ಬಾಟಲಿಯ ಬಿಳಿಯಲ್ಲ, ಆ ಬಿಳಿ, ಬೈಯುವಾಗ ಸುಮ್ಮನಿರುತ್ತಿದ್ದ ಕಣ್ಣು, ಸುಮ್ಮನೆ ನೋಡುತ್ತಿದೆ, ಆರುತ್ತ ಆರುತ್ತ ಇನ್ನೂ ಬಿಳಿ, ಎಡಗಣ್ಣು, ಬಿಳಿ.

ಕೊಟ್ಟ ಮಾತು ನಡೆಯಿತು, ಅವ್ವ ಸತ್ತು ಒಂದು ವರ್ಷದ ಮೇಲೆ.