‘ಹ್ಞಾಂ’ ಎಂದ ತಪ್ಪಿಗೆ

ದೇಶದ ಚುನಾವಣೆಗೆ ಇನ್ನು ಹದಿನೈದು ದಿನವಿದ್ದಾಗ, ಯಾರು ಗೆಲ್ಲುತ್ತಾರೆಂದು ಖಚಿತವಾಗಿ ಗೊತ್ತಿದ್ದದ್ದು ಬಹುಶಃ ನನಗೊಬ್ಬಳಿಗೇ. ಪತ್ರಿಕೆಗಳು ‘ಕೂದಲೆಳೆಯ ಅಂತರ’ ಎನ್ನುತ್ತಿದ್ದವು. ಟೀವಿಯಲ್ಲಿ ಕೋಟು ತೊಟ್ಟವರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕೂಗಾಡುತ್ತಿದ್ದರು. ನಾನು ತರಕಾರಿ ಹೆಚ್ಚುತ್ತಾ, ಪಾಪ, ಇವರಿಗೇನು ಗೊತ್ತು ಎಂದು ಒಳಗೊಳಗೇ ನಗುತ್ತಿದ್ದೆ.

ಏಕೆಂದರೆ ಜನರನ್ನು ಕೇಳುತ್ತಿದ್ದವಳೇ ನಾನು. ಸಮೀಕ್ಷೆಯ ಕಂಪನಿಯೊಂದಕ್ಕೆ ಮನೆಯಿಂದ ಫೋನ್ ಮಾಡುವ ಕೆಲಸ ನನ್ನದು. ಮಲಗುವ ಕೋಣೆಯಲ್ಲಿ ಬೀರುವಿಗೂ ಇಸ್ತ್ರಿ ಮೇಜಿಗೂ ನಡುವೆ ಒಂದು ಕುರ್ಚಿ ಹಿಡಿಸುವಷ್ಟು ಜಾಗ. ಅದೇ ನನ್ನ ಆಫೀಸು. ಮಗಳು ಶಾಲೆಗೆ, ಮನೆಯವರು ಕೆಲಸಕ್ಕೆ ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಕಂಪ್ಯೂಟರ್ ತಾನಾಗಿಯೇ ಒಂದೊಂದು ಮನೆಗೆ ಕರೆ ಮಾಡುತ್ತದೆ. ಬೆಲೆ ಇಳಿಸುವವರು ಯಾರು, ಕೆಲಸ ಕೊಡುವವರು ಯಾರು, ಆಸ್ಪತ್ರೆ ಸುಧಾರಿಸುವವರು ಯಾರು ಎಂಬ ಮೂರು ಪ್ರಶ್ನೆಗಳಾದ ಮೇಲೆ ನಾಲ್ಕನೆಯದು: ಇವತ್ತೇ ಮತದಾನ ನಡೆದರೆ ನಿಮ್ಮ ಮತ ಒಂದನೇ ಪಕ್ಷಕ್ಕೋ, ಎರಡನೇ ಪಕ್ಷಕ್ಕೋ, ಇನ್ನೂ ತೀರ್ಮಾನಿಸಿಲ್ಲವೋ? ಪಕ್ಷಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಮತ ಯಾರಿಗೆಂದು ಗಂಡನಿಗೂ ಹೇಳಿದವಳಲ್ಲ. ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದ ಕಾಲ ಅದು.

ಇನ್ನೂರ ನಲವತ್ತು ಮನೆ ಮುಗಿದಾಗ ಎರಡನೇ ಪಕ್ಷಕ್ಕೆ ನೂರ ಎಪ್ಪತ್ತು, ಒಂದನೆಯದಕ್ಕೆ ನಲವತ್ತೆಂಟು. ಮಿಕ್ಕವರು ತೀರ್ಮಾನಿಸಿರಲಿಲ್ಲ. ಕೂದಲೆಳೆಯೆಲ್ಲಿ ಬಂತು, ಹಗ್ಗವೇ ಇತ್ತು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕಿಯ ಫೋನು. ವಯಸ್ಸಿನಲ್ಲಿ ನನ್ನ ತಂಗಿಗಿಂತ ಚಿಕ್ಕವಳು, ದನಿ ಮಾತ್ರ ಹೆಡ್‌ಮಾಸ್ಟರರದು. ಹೊಗಳಲಿಕ್ಕೇ ಇರಬೇಕೆಂದು ಕೈ ಒರೆಸಿಕೊಂಡು ಕೂತೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ನಿಜವಾಗ್ಲೂ ಫೋನ್ ಮಾಡ್ತಿದ್ದೀರೋ, ಕೂತಲ್ಲೇ ತುಂಬಿಸ್ತಿದ್ದೀರೋ?"

"ಏನ್ ಮೇಡಂ ಹೀಗಂತೀರಾ! ಗಂಟಲು ಒಣಗೋ ಹಾಗೆ ಮಾತಾಡಿದ್ದೀನಿ."

"ನಿಮ್ಮ ಹಾಗೆ ಫೋನ್ ಮಾಡೋ ಉಳಿದ ಮೂವತ್ತು ಜನರದ್ದೂ ಸರಿಸಮ ಬಂದಿದೆ. ನಿಮ್ಮೊಬ್ಬರ ಮನೇಲಿ ಮಾತ್ರ ಎರಡನೇ ಪಕ್ಷದ ಮೆರವಣಿಗೆ ಹೊರಟಿದೆ."

"ಎಲ್ಲಾ ರೆಕಾರ್ಡ್ ಆಗಿರುತ್ತಲ್ಲ, ಕೇಳಿ ನೋಡಿ."

ಒಂದು ಗಂಟೆಯಾದ ಮೇಲೆ ಮತ್ತೆ ಫೋನು. ಈ ಸಲ ನಗು ತಡೆದುಕೊಂಡ ದನಿ. "ಅಕ್ಕಾ, ನೀವೇ ಕೇಳಿ."

ರೆಕಾರ್ಡಿನಲ್ಲಿ ಯಾರೋ ಗಂಡಸು ಬೆಲೆಯ ಪ್ರಶ್ನೆಗೆ "ಒಂದನೇ ಪಕ್ಷ" ಎಂದರು. ನಾನು "ಹ್ಞೂಂ" ಎಂದೆ, ಪಾತ್ರೆಯ ಮುಚ್ಚಳ ಹಾಕಿದ ಹಾಗೆ. ಇನ್ನೊಬ್ಬ ಹೆಂಗಸು "ಎರಡನೇದು" ಎಂದರು. ನಾನು "ಹ್ಞಾಂ!" ಎಂದೆ. ಮಗಳು ಚಿಕ್ಕವಳಿದ್ದಾಗ ಹಾಲಿನ ಕೊನೆಯ ಗುಟುಕು ಕುಡಿದರೆ ಹೇಳುತ್ತಿದ್ದೆನಲ್ಲ, ಅದೇ ಹ್ಞಾಂ. ಹಿಂದಿನಿಂದ ಕುಕ್ಕರ್ ಕೂಡ ಸೀಟಿ ಹೊಡೆದು ಬೆಂಬಲ ಸೂಚಿಸಿತ್ತು.

"ಮೂರು ಪ್ರಶ್ನೆಗೆ ನಿಮ್ಮ ಹ್ಞಾಂ ಹ್ಞೂಂ ಕೇಳಿಸ್ಕೊಂಡವರು ನಾಲ್ಕನೇದಕ್ಕೆ ನಿಮಗೆ ಬೇಕಾದ್ದನ್ನೇ ಹೇಳ್ತಾರೆ. ಪಾಪ, ಅಮ್ಮನಂಥವರು ಕೇಳ್ತಿದ್ದಾರೆ ಅಂತ."

ನನ್ನ ಮುಖ ಕಾದ ಇಸ್ತ್ರಿಪೆಟ್ಟಿಗೆಯಂತಾಯಿತು.

"ನಾಳೆ ಸಂಜೆಯೊಳಗೆ ಇವರಲ್ಲೇ ಅರವತ್ತು ಜನಕ್ಕೆ ಮತ್ತೆ ಫೋನ್ ಮಾಡಿ, ಸಪ್ಪೆ ದನೀಲಿ. ಅದೇ ಉತ್ತರ ಬಂದ್ರೆ ನಿಮ್ಮದೆಲ್ಲ ಉಳಿಯುತ್ತೆ, ಕೊನೇ ಸುತ್ತಿಗೂ ನೀವಿರ್ತೀರಿ. ಬದಲಾದ್ರೆ ಇನ್ನೂರ ನಲವತ್ತನ್ನೂ ತೆಗೆದುಹಾಕ್ತೀವಿ."

"ನನ್ನನ್ನೂ?"

"ಹಾಗಲ್ಲ ಅಕ್ಕಾ..." ಎಂದು ಎಳೆದಳು. ಹಾಗೆಯೇ ಎಂದು ತಿಳಿಯಿತು.

ಕೊನೇ ಸುತ್ತೆಂದರೆ ಹತ್ತೇ ಜನ, ಮೂರೇ ದಿನ. ಅದರ ಮೇಲೆಯೇ ಕಂಪನಿ ತನ್ನ ಭವಿಷ್ಯ ಹೇಳುವುದು. ಮನೆಯಲ್ಲಿ ಕಾಲುಚೀಲ ಎಲ್ಲಿದೆ ಎಂಬ ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಕೇಳಲಾಗುತ್ತಿತ್ತು. ಅಂಥವಳು ಕೇಳಿದ ಪ್ರಶ್ನೆಗೆ ಬಂದ ಉತ್ತರ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ! ಅದನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಬರಲಿಲ್ಲ.

ಸಂಜೆ ಅಭ್ಯಾಸಕ್ಕೆ ಅತ್ತೆಯನ್ನು ಹಿಡಿದೆ. ಬಟಾಣಿ ಬಿಡಿಸುತ್ತಾ ಕೂತಿದ್ದರು.

"ನಿಮ್ಮ ಮತ ಒಂದನೇ ಪಕ್ಷಕ್ಕೋ ಎರಡನೇ ಪಕ್ಷಕ್ಕೋ," ಎಂದೆ, ಮುಖ ಗೋಡೆಯಂತೆ ಮಾಡಿಕೊಂಡು.

ಅತ್ತೆ ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟರು. "ಯಾಕೇ, ನಾನೇನು ತಪ್ಪು ಮಾಡ್ದೆ?"

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮಾ, ನಿಂಗೆ ಆಗಲ್ಲ ಬಿಡು. ನಂಗೆ ಯಾವ ಬಣ್ಣದ ಬಟ್ಟೆ ಬೇಕು ಅಂತ ಕೇಳ್ತೀಯಲ್ಲ, ನೀನು ಕೇಳೋವಾಗ್ಲೇ ನಂಗೆ ಉತ್ತರ ಗೊತ್ತಾಗಿಬಿಡುತ್ತೆ."

"ಮತ್ತೆ ಆ ನೀಲಿ ಅಂಗಿ ನಿಂಗಿಷ್ಟ ಅಂದಿದ್ಯಲ್ಲ?"

"ನಿಂಗಿಷ್ಟ ಇತ್ತಲ್ಲ," ಎಂದಳು, ಪೆನ್ಸಿಲ್ ಕಚ್ಚಿಕೊಂಡು.

ಮರುದಿನ ಕುಕ್ಕರನ್ನು ಮೊದಲೇ ಇಳಿಸಿ ಕೂತೆ. ಮೊದಲ ಕರೆ ಒಬ್ಬ ನಿವೃತ್ತ ದರ್ಜಿಗೆ. ಮೊದಲ ಸಲ ನನ್ನೊಡನೆ ಮೊಮ್ಮಗಳ ಜ್ವರದ ಬಗ್ಗೆ ಹತ್ತು ನಿಮಿಷ ಮಾತಾಡಿ, ನಾಲ್ಕಕ್ಕೆ ನಾಲ್ಕೂ ಎರಡನೇ ಪಕ್ಷ ಎಂದಿದ್ದವರು. ಈಗ ಜ್ವರ ಹೇಗಿದೆ ಎಂದು ಕೇಳಲು ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಸಪ್ಪೆಯಾಗಿ ಪ್ರಶ್ನೆ ಓದಿದೆ.

"ನೀವು ಬೇರೆಯವರಾ?" ಎಂದರು. "ಹೋದ ವಾರ ಒಬ್ಬರು ತಾಯಿ ಮಾಡಿದ್ರು. ಅವರಿಗೆ ಎರಡು ಅಂದಿದ್ದೆ. ಪಾಪ, ಎಷ್ಟು ಖುಷಿಪಟ್ರು ಗೊತ್ತಾ? ನನ್ನದು ಮೊದಲಿಂದ್ಲೂ ಒಂದನೇದೇ. ಅವರ ಹತ್ರ ಮಾತ್ರ ಹೇಳ್ಬೇಡಿ, ನೊಂದ್ಕೋತಾರೆ."

"ಹೇಳಲ್ಲ," ಎಂದೆ. ಒಂದನ್ನು ಒತ್ತಿದೆ.

ಮೂವತ್ತು ಕರೆ ಮುಗಿದಾಗ ಒಂದಕ್ಕೆ ಹದಿನಾಲ್ಕು, ಎರಡಕ್ಕೆ ಹದಿಮೂರು, ತೀರ್ಮಾನಿಸದವರು ಮೂರು. ಎದ್ದು ಹೋಗಿ ನೀರು ಕುಡಿದೆ. ಇನ್ನು ಮೂವತ್ತಿವೆ. ದನಿ ಬದಲಾಯಿಸಬೇಕಿಲ್ಲ, ಸುಳ್ಳು ಬರೆಯಬೇಕಿಲ್ಲ. ನಾನು ನಾನಾಗಿದ್ದರೆ ಸಾಕು, ಒಂದೊಂದು ಹ್ಞಾಂ ಸೇರಿಸಿದರೆ ಸಾಕು, ಜನ ಹಳೆಯ ಉತ್ತರವನ್ನೇ ಕೊಡುತ್ತಾರೆ. ಮೇಲ್ವಿಚಾರಕಿ ಅರವತ್ತನ್ನೂ ಕೂತು ಕೇಳುತ್ತಾಳೆಯೇ? ಲೋಟ ತೊಳೆದು ಬೋರಲು ಹಾಕುವಷ್ಟು ಹೊತ್ತು ಯೋಚಿಸಿದೆ. ಆ ದರ್ಜಿಯವರು ನನ್ನ ಮನಸ್ಸು ನೋಯಬಾರದೆಂದು ತಮ್ಮ ಮತವನ್ನೇ ಮುಚ್ಚಿಟ್ಟಿದ್ದರು. ಅದನ್ನು ಅವರಿಂದ ಕಿತ್ತುಕೊಂಡಿದ್ದವಳು ನಾನು, ಅದೂ ಪ್ರೀತಿಯಿಂದ. ಮತ್ತೆ ಹೋಗಿ ಕೂತು, ಉಳಿದ ಮೂವತ್ತು ಜನರೊಡನೆಯೂ ಕಲ್ಲಿನ ಹಾಗೆ ಮಾತಾಡಿದೆ. ಒಬ್ಬಾಕೆಯಂತೂ "ಊಟ ಆಗಿಲ್ವೇನ್ರೀ?" ಎಂದು ಕೇಳಿಯೇಬಿಟ್ಟರು.

ಒಂದಕ್ಕೆ ಇಪ್ಪತ್ತೊಂಬತ್ತು, ಎರಡಕ್ಕೆ ಇಪ್ಪತ್ತೇಳು, ತೀರ್ಮಾನಿಸದವರು ನಾಲ್ಕು. ಕೂದಲೆಳೆ! ಕಳಿಸಿ, ಕಂಪ್ಯೂಟರ್ ಮುಚ್ಚಿ, ಒಣಗಿದ ಬಟ್ಟೆ ತರಲು ಹೋದೆ.

ಕತ್ತಲಾಗುವ ಮುಂಚೆ ಮೇಲ್ವಿಚಾರಕಿ ಫೋನ್ ಮಾಡಿದಳು. "ಅಕ್ಕಾ, ಇನ್ನೂರ ನಲವತ್ತೂ ಹೋಯ್ತು."

"ಗೊತ್ತು ಮೇಡಂ. ಇಷ್ಟು ದಿನ ಕೆಲಸ ಕೊಟ್ರಲ್ಲ, ಅದೇ ದೊಡ್ಡದು."

"ಪೂರ್ತಿ ಕೇಳಿ. ಬೇರೆಯವರು ಫೋನ್ ಮಾಡಿದ್ರೆ ಹತ್ತರಲ್ಲಿ ಏಳು ಜನ ಪಟ್ ಅಂತ ಇಟ್ಟುಬಿಡ್ತಾರೆ. ನಿಮ್ಮ ಫೋನನ್ನ ಯಾರೂ ಇಡೋದೇ ಇಲ್ಲ. ಕೊನೇ ಸುತ್ತಲ್ಲಿ ಆ ಮುನಿಸ್ಕೊಂಡ ಮನೆಗಳನ್ನೆಲ್ಲ ನಿಮಗೇ ಕೊಡ್ತೀನಿ. ನೀವು ಮಾತಾಡಿಸಿ ಕೂರಿಸಿ. ಆಮೇಲೆ ಗುಂಡಿ ಒತ್ತಿ, ರೆಕಾರ್ಡ್ ಮಾಡಿದ ದನಿ ಪ್ರಶ್ನೆ ಕೇಳುತ್ತೆ. ಉತ್ತರ ಮಾತ್ರ ನಿಮಗೆ ಕೇಳಿಸಲ್ಲ."

"ಒಂಚೂರೂ?"

"ಒಂಚೂರೂ. ನಿಮ್ಮ ಹ್ಞಾಂ ಮೇಲೆ ನಂಗೆ ನಂಬಿಕೆ ಇಲ್ಲ."

ಹೀಗೆ ನಾನು ಕೊನೇ ಸುತ್ತಿನಲ್ಲಿದ್ದೆ. ಮೂರು ದಿನದಲ್ಲಿ ನೂರ ಹತ್ತು ಮನೆಗಳ ಸೊಂಟನೋವು, ಸೋರುವ ನಲ್ಲಿ, ಮಾತು ಬಿಟ್ಟ ಸೊಸೆಯಂದಿರ ಸಮಾಚಾರವೆಲ್ಲ ನನಗೆ ತಿಳಿಯಿತು. ಮತ ಯಾರಿಗೆ ಎಂಬುದೊಂದು ತಿಳಿಯಲಿಲ್ಲ. ಗುಂಡಿ ಒತ್ತಿ, ಆ ದನಿ ಪ್ರಶ್ನೆ ಮುಗಿಸುವವರೆಗೆ ಗೋಡೆ ನೋಡುತ್ತಾ ಕೂರುತ್ತಿದ್ದೆ.

ಮತದಾನದ ಹಿಂದಿನ ದಿನ ಮನೆಯವರು ಟೀವಿಯ ದನಿ ತಗ್ಗಿಸಿ ನನ್ನ ಕಡೆ ತಿರುಗಿದರು. "ಈಗ ಹೇಳು, ಯಾರು ಗೆಲ್ತಾರೆ?"

"ಗೊತ್ತಿಲ್ಲ," ಎಂದೆ.

ಮದುವೆಯಾಗಿ ಹದಿನಾರು ವರ್ಷದಲ್ಲಿ ನನ್ನ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಅವರು ಎದ್ದು ಬಂದು, ಜ್ವರವೇನಾದರೂ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದರು.