ಹದಿನೇಳನೇ ನಂಬರಿನ ಗೋಲು

ಟೈಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಇಡೀ ಬೀದಿಗೆ ಗೊತ್ತು. ಅವತ್ತು ಮಾತ್ರ ಅದು ನೇರವಾಗಿ ನೆತ್ತಿಗೇರಿತು. ಕಾರಣ, ಅಂಗಡಿಯ ಮೇಜಿನ ಮೇಲೆ ಬಿದ್ದಿದ್ದ ಒಂದು ಹಸಿರು ಅಂಗಿ.

ತಂದವರು ಇಬ್ಬರು: ನಿವೃತ್ತ ಲೆಕ್ಕದ ಮೇಷ್ಟ್ರು, ಅವರ ಜೊತೆಗಾರ ಬಸ್ ಕಂಡಕ್ಟರ್. ಊರಿನ ಫುಟ್‌ಬಾಲ್ ತಂಡ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಇವರ ಅಭಿಮಾನಕ್ಕೆ ಬಾಗಿಲು ಹಾಕುವವರಿಲ್ಲ. ವರ್ಷಕ್ಕೊಮ್ಮೆ ಹಳೆಯ ಅಭಿಮಾನಿಗಳೆಲ್ಲ ಸೇರುತ್ತಾರೆ. ಒಬ್ಬೊಬ್ಬರೂ ಊರೇ ಮರೆತ ಆಟಗಾರನೊಬ್ಬನನ್ನು ಹುಡುಕಿ, ಅವನ ನಂಬರು, ಅಡ್ಡಹೆಸರು ಹೊಲಿಸಿದ ಅಂಗಿ ತೊಟ್ಟು ಬರಬೇಕು. ಎಷ್ಟು ಕಡಿಮೆ ಜನ ಗುರುತಿಸುತ್ತಾರೋ ಅಷ್ಟು ಚಪ್ಪಾಳೆ. ಹೆಸರುವಾಸಿ ಆಟಗಾರನ ಅಂಗಿ ತೊಟ್ಟು ಬಂದವನಿಗೆ ಬಾಗಿಲಲ್ಲೇ ಮಂಗಳಾರತಿ.

“ಹದಿನೇಳು, ಕೆಳಗೆ ‘ಉದ್ದಕಾಲ’ ಅಂತ ಹೊಲೀರಮ್ಮ,” ಎಂದರು ಮೇಷ್ಟ್ರು. “ಇಡೀ ಸೀಸನ್ ಬೆಂಚಲ್ಲೇ ಕೂತಿದ್ದವನು. ಆಡಿದ್ದು ಅರ್ಧ ಆಟ, ಹೊಡೆದಿದ್ದು ಒಂದೇ ಗೋಲು. ಅದರಿಂದಲೇ ನಮ್ಮ ತಂಡ ಮೇಲಿನ ಲೀಗಲ್ಲಿ ಉಳೀತು.”

“ಅವನಿಗೆ ಜಾಗ ಬಿಟ್ಟ ಪುಣ್ಯಾತ್ಮನನ್ನ ಮರೀಬೇಡಿ ಸಾರ್,” ಎಂದು ಕಂಡಕ್ಟರ್ ನಕ್ಕ. “ಹತ್ತನೇ ನಂಬರಿನ ಗುಬ್ಬಿ! ಹಾಫ್‌ಟೈಮಲ್ಲೇ ಬಾಲ ಮುದುರಿಕೊಂಡು ಓಡಿಹೋದವನು. ಮುಂದಿನ ವರ್ಷ ನಾನು ಅವನದೇ ಅಂಗಿ ಹಾಕ್ಕೊಂಡು ಬರ್ತೀನಿ.”

ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಅಕ್ಕನ ತಮ್ಮನೇ ಆ ಗುಬ್ಬಿ. ಈಗ ತಲೆ ಬೋಳಾಗಿ ಹೊಟ್ಟೆ ಬಂದಿರುವುದರಿಂದ ಗುರುತು ಹಿಡಿಯುವವರೇ ಇಲ್ಲ. ಅವನು ಯಾರದೋ ಕಾಲರ್ ತೀಡುತ್ತಲೇ ಇದ್ದ. ಅಕ್ಕನ ಮೈಯೆಲ್ಲ ಉರಿದುಹೋಯಿತು.

“ಓಡಿಹೋದನಾ? ನೀವು ಕಣ್ಣಾರೆ ನೋಡಿದ್ರಾ?”

“ಹಾಫ್‌ಟೈಮ್ ಆದ್ಮೇಲೆ ಹತ್ತು ಇಲ್ಲ, ಹದಿನೇಳು ಆಡ್ದ ಅಂತ ರೆಫರಿ ವರದೀಲೇ ಇದೆಯಮ್ಮ,” ಎಂದು ಮೇಷ್ಟ್ರು ನೋಟ್‌ಬುಕ್ಕಿನಿಂದ ಹಳೆಯ ಪತ್ರಿಕೆಯ ಫೋಟೋ ತೆಗೆದರು. “ಗೋಲು ಹೊಡೆದವನ ಬೆನ್ನ ಮೇಲೆ ಹದಿನೇಳೇ ಕಾಣುತ್ತೆ, ನೋಡಿ.”

“ನಂಬರು ನೋಡಿದ್ರಿ, ಬೆನ್ನು ಯಾರದು ಅಂತ ನೋಡಿದ್ರಾ? ಉದ್ದಕಾಲ ಆರಡಿ ಆಳು. ಇಲ್ಲಿ ಅಂಗಿ ಚಡ್ಡೀನೇ ಮುಚ್ಚಿದೆಯಲ್ರೀ! ತೋಳು ಮೊಣಕೈ ದಾಟಿದೆ. ಇಷ್ಟು ವರ್ಷ ಇದನ್ನ ಜೋಪಾನವಾಗಿ ಇಟ್ಕೊಂಡು ಪೂಜೆ ಮಾಡ್ತಿದ್ರಾ? ಆಗ ತಂಡದ ಬಟ್ಟೆಗಳ ಉಸ್ತುವಾರಿ ನಂದು. ಹಾಫ್‌ಟೈಮಿಗೆ ಗುಬ್ಬಿಯ ಅಂಗಿ ಭುಜದಿಂದ ಸೊಂಟದವರೆಗೆ ಹರಿದಿತ್ತು. ಹೊಲಿಯೋಕೆ ಪುರುಸೊತ್ತಿರಲಿಲ್ಲ. ಬೆಂಚಲ್ಲಿದ್ದ ಉದ್ದಕಾಲನ ಅಂಗಿ ಬಿಚ್ಚಿಸಿ ಇವನಿಗೆ ತೊಡಿಸಿದ್ದು ನಾನೇ. ಗೋಲು ಹೊಡೆದವನು ಇಗೋ, ಇಲ್ಲೇ ನಿಂತಿದಾನೆ. ನನ್ನ ತಮ್ಮ!”

ಮೇಷ್ಟ್ರ ಮುಖ ಲಾಟರಿ ಹೊಡೆದವರಂತೆ ಅರಳಿತು. ಕಂಡಕ್ಟರ್ ಆಗಲೇ ಫೋನ್ ತೆಗೆದು ತಮ್ಮನ ಫೋಟೋಗೆ ಸಜ್ಜಾದ.

“ಫೋನ್ ಒಳಗಿಡಯ್ಯ! ನಿಮ್ಮ ಮೋಜಿಗೆ ಹೇಳ್ತಿಲ್ಲ ನಾನು. ಇವನ ಗೋಲು ಇವನ ಹೆಸರಿಗೆ ಬರ್ಕೊಳ್ಳಿ. ಅಷ್ಟಾದ್ರೆ ಸಾಕು.”

ಮೇಷ್ಟ್ರು ಪೆನ್ ತೆಗೆದವರು ತಡೆದರು. “ಅಂಗಿ ಬದಲಾದ್ರೆ ರೆಫರಿಗೆ ಚೀಟಿ ಕೊಡಬೇಕಿತ್ತಲ್ಲ? ಯಾಕೆ ಕೊಡಲಿಲ್ಲ?”

“ಮ್ಯಾನೇಜರ್ ಮರೆತ, ಅಯೋಗ್ಯ!” ಮೂವತ್ತು ವರ್ಷದಿಂದ ಅವಳು ಮನೆಯಲ್ಲಿ ಹೇಳುತ್ತಾ ಬಂದ ಮಾತು ಇದು. ಹೇಳಿದಾಗಲೆಲ್ಲ ಆ ಮ್ಯಾನೇಜರನ ಜನ್ಮ ಜಾಲಾಡುತ್ತಿದ್ದಳು.

ತಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. “ಅಕ್ಕ ಸುಮ್ನೆ ಹೇಳ್ತಾಳೆ ಮೇಷ್ಟ್ರೇ. ಗೋಲು ಉದ್ದಕಾಲನದೇ. ನಾನು ಓಡಿಹೋಗಿದ್ದು ನಿಜ.”

“ನಿನಗೇನು ತಲೆ ಕೆಟ್ಟಿದೆಯೇನೋ?”

ಅವನು ಅವಳ ಪಕ್ಕಕ್ಕೆ ಬಂದು, ಅವಳೊಬ್ಬಳಿಗೇ ಕೇಳುವಂತೆ ಹೇಳಿದ: “ರೆಫರಿಗೆ ಕೊಡು ಅಂತ ಮ್ಯಾನೇಜರ್ ನಿನಗೆ ಕೊಟ್ಟ ಚೀಟಿ ನಿನ್ನ ಸೂಜಿ ಡಬ್ಬೀಲೇ ಇತ್ತು. ಅವತ್ತೇ ಸಂಜೆ ನೋಡಿದ್ದೆ. ಬಾವ ತೀರಿಹೋಗಿ ಆರು ತಿಂಗಳಾಗಿತ್ತು, ಇಬ್ಬರು ಮಕ್ಕಳು. ಬಾಯಿ ಬಿಟ್ಟಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಈಗ ಬಿಡು.”

ಅಕ್ಕ ಮೇಜಿನ ಮೇಲಿದ್ದ ಸೂಜಿ ಡಬ್ಬಿಯ ಕಡೆ ನೋಡಿದಳು. ಮರುದಿನವೇ ಆ ಚೀಟಿಯನ್ನು ಕಂಡು, ಹರಿದು, ಒಲೆಗೆ ಹಾಕಿದವಳು ಅವಳು. ಯಾರಿಗೂ ಗೊತ್ತಿಲ್ಲವೆಂದುಕೊಂಡೇ ಮ್ಯಾನೇಜರನನ್ನು ಬೈಯುತ್ತಾ ಬಂದಿದ್ದಳು. ಇವನು ಅಷ್ಟನ್ನೂ ಕೇಳಿಸಿಕೊಂಡು, ಪಕ್ಕದಲ್ಲೇ ಬಟ್ಟೆ ತೀಡುತ್ತಾ ಬಂದಿದ್ದ. ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತು.

“ಬರ್ಕೊಳ್ಳಿ ಮೇಷ್ಟ್ರೇ,” ಎಂದಳು ಗಟ್ಟಿಯಾಗಿ. “ಮ್ಯಾನೇಜರ್ ಅಲ್ಲ. ಚೀಟಿ ಕೊಡೋದನ್ನ ಮರೆತವಳು ನಾನು. ಆಮೇಲೆ ಸುಟ್ಟವಳೂ ನಾನೇ. ಗೋಲು ಇವನದು.”

ಮೇಷ್ಟ್ರ ಪೆನ್ನು ಓಡತೊಡಗಿತು. ಜನ್ಮದಲ್ಲಿ ಯಾರಿಗೂ ದನಿ ಎತ್ತದ ತಮ್ಮನ ಮುಖ ಕೆಂಪೇರಿತು.

“ಯಾರೇ ಕೇಳಿದ್ರು ನಿನ್ನ?” ಎಂದು ಅವನು ಅಂಗಡಿ ಅದುರುವಂತೆ ಕೂಗಿದ. “ಗೋಲು ಅವತ್ತೇ ಹೋಯ್ತು. ನಿನಗೋಸ್ಕರ ಅಂತ ಮೂವತ್ತು ವರ್ಷ ಹೇಡಿ ಅನ್ನಿಸಿಕೊಂಡೆ. ನಿನ್ನ ಮಾನ ಉಳಿಸಿದ್ದೆ, ನಾನು ಗಳಿಸಿದ್ದು ಅದೊಂದೇ ಕಣೇ, ಅದನ್ನೂ ಕಿತ್ಕೊಂಡೆಯಲ್ಲ!”

ಅವನು ಮೆಟ್ಟಿಲಿಳಿದು ಬೀದಿಗೆ ಹೋದ. ಎಲ್ಲರಿಗೂ ಉತ್ತರ ಕೊಡುತ್ತಿದ್ದ ಅಕ್ಕ, ಅವನು ಅರ್ಧಕ್ಕೆ ಬಿಟ್ಟುಹೋದ ಕಾಲರನ್ನು ತೀಡಲು ನಿಂತಳು.